ಡಾಸನ್ ಸಿಟಿ: ಮೂರು ರಾತ್ರಿ ಇಟ್ಟುಕೊಂಡರೆ ಮಾತ್ರ ಹೋಗಿ

ಕೆನಡಾದ ಯೂಕಾನ್ ಪ್ರದೇಶದಲ್ಲಿ, ಕ್ಲಾಂಡೈಕ್ ನದಿ ಬಂದು ಯೂಕಾನ್ ನದಿಗೆ ಸೇರುವ ಕಡೆ ಡಾಸನ್ ಸಿಟಿ ಇದೆ. ಹೆಸರಿನಲ್ಲಿ ಸಿಟಿ ಇದ್ದರೂ ಊರೊಳಗೆ ಎರಡು ಸಾವಿರ ಜನವೂ ಇಲ್ಲ. ಬಹುತೇಕ ಪ್ರವಾಸಿಗರು ಸಂಜೆ ಬಂದು, ಕ್ಯಾಸಿನೊದಲ್ಲಿ ಒಂದು ನೃತ್ಯ ನೋಡಿ, ಬಣ್ಣ ಬಳಿದ ಮರದ ಕಟ್ಟಡಗಳ ಮುಂದೆ ಫೋಟೊ ತೆಗೆಸಿಕೊಂಡು ಬೆಳಗ್ಗೆ ಹೊರಟುಬಿಡುತ್ತಾರೆ. ಅಷ್ಟಕ್ಕೇ ಆದರೆ ಈ ದೂರದ ಪ್ರಯಾಣ ದಂಡ. ಡಾಸನ್‌ನಲ್ಲಿ ನೋಡಬೇಕಾದ್ದೆಲ್ಲ ಇರುವುದು ಕಾಲ ಕೆಳಗೆ: ಐಸು ತುಂಬಿದ ನೆಲ, ಅದರಡಿಯ ಜಲ್ಲಿ, ಪಕ್ಕದಲ್ಲಿ ಹರಿಯುವ ನದಿ. ಈ ಮೂರು ಅರ್ಥವಾದರೆ ಊರಿನ ಪ್ರತಿ ಓರೆ ಗೋಡೆಯೂ ಮಾತಾಡುತ್ತದೆ. ಅದಕ್ಕೆ ಕನಿಷ್ಠ ಮೂರು ರಾತ್ರಿ ಬೇಕು.

ಇತಿಹಾಸ ಚುಟುಕಾಗಿ. 1896ರ ಆಗಸ್ಟ್‌ನಲ್ಲಿ ಇಲ್ಲಿನ ಬೊನಾಂಜಾ ತೊರೆಯಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಹೊರಜಗತ್ತಿಗೆ ಮುಟ್ಟಿದ ಮೇಲೆ ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟು ಹೊರಟರು. ತಲುಪಿದವರು ಮೂವತ್ತು, ನಲವತ್ತು ಸಾವಿರ. ವರ್ಷಕ್ಕಾಗುವಷ್ಟು ಸಾಮಾನು, ಅಂದರೆ ಹತ್ತಿರ ಹತ್ತಿರ ಒಂದು ಟನ್, ಜೊತೆಯಲ್ಲಿ ಇಲ್ಲದವರನ್ನು ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. 1898ರಿಂದ 1950ರ ದಶಕದ ಆರಂಭದವರೆಗೆ ಯೂಕಾನ್‌ನ ರಾಜಧಾನಿ ಇದೇ. ಆಮೇಲೆ ರಾಜಧಾನಿ ವೈಟ್‌ಹಾರ್ಸ್‌ಗೆ ಹೋಯಿತು, ಊರು ಖಾಲಿಯಾಯಿತು. ಹೊಸದಾಗಿ ಕಟ್ಟುವವರು ಇಲ್ಲದೆ ಹಳೆಯದು ಉಳಿದುಕೊಂಡಿತು. 2023ರಲ್ಲಿ ‘ಟ್ರಾಂಡೆಕ್ ಕ್ಲಾಂಡೈಕ್’ ಎಂಬ ಹೆಸರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ವೈಟ್‌ಹಾರ್ಸ್‌ನಿಂದ ಇಲ್ಲಿಗೆ ಸುಮಾರು 530 ಕಿ.ಮೀ. ಕ್ಲಾಂಡೈಕ್ ಹೆದ್ದಾರಿಯಲ್ಲಿ ಆರರಿಂದ ಏಳು ಗಂಟೆ ಹಿಡಿಯಿರಿ. ಏರ್ ನಾರ್ತ್ ವಿಮಾನವೂ ಇದೆ, ಆದರೆ ವಿಮಾನ ನಿಲ್ದಾಣ ಊರ ಹೊರಗೆ ದೂರದಲ್ಲಿದೆ, ಮತ್ತು ಮುಖ್ಯವಾದ ಜಾಗಗಳು ತೊರೆಗಳ ಕಣಿವೆಯಲ್ಲಿವೆ. ಸ್ವಂತ ವಾಹನ ಇಲ್ಲದೆ ಬಂದವರಿಗೆ ಅರ್ಧ ಡಾಸನ್ ಕೈತಪ್ಪುತ್ತದೆ. ಕಾರೇ ಸರಿ. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಜಲ್ಲಿ ರಸ್ತೆಯ ಷರತ್ತು ಓದಿ. ಹಲವು ಕಂಪನಿಗಳು ಡೆಂಪ್‌ಸ್ಟರ್ ಹೆದ್ದಾರಿಯಂಥ ಜಲ್ಲಿ ರಸ್ತೆಗೆ ಅನುಮತಿ ಕೊಡುವುದಿಲ್ಲ. ಕೊಟ್ಟರೂ ಗಾಜು ಮತ್ತು ಟೈರಿನ ಹಾನಿಯನ್ನು ವಿಮೆಯಿಂದ ಹೊರಗಿಟ್ಟಿರುತ್ತವೆ.

ಪೆಟ್ರೋಲ್ ಲೆಕ್ಕ ಹೀಗೆ: ವೈಟ್‌ಹಾರ್ಸ್‌ನಿಂದ ಸುಮಾರು 180 ಕಿ.ಮೀ.ಗೆ ಕಾರ್‌ಮ್ಯಾಕ್ಸ್, 280ರ ಹತ್ತಿರ ಪೆಲ್ಲಿ ಕ್ರಾಸಿಂಗ್. ಪೆಲ್ಲಿಯಲ್ಲಿ ಟ್ಯಾಂಕ್ ತುಂಬಿಸಿ ಮುಂದೆ ಹೋಗಿ, ಅಲ್ಲಿಂದ ಡಾಸನ್‌ಗೆ ಇನ್ನೂ 250 ಕಿ.ಮೀ. ನಡುವಿನ ಬಂಕ್ ತೆರೆದಿರುತ್ತದೆ ಎಂಬ ಭರವಸೆಯಲ್ಲಿ ಹೊರಡಬೇಡಿ. ಊರುಗಳ ನಡುವೆ ಮೊಬೈಲ್ ಸಿಗ್ನಲ್ ಇಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ರಸ್ತೆ ಡಾಂಬರಿನದೇ, ಆದರೆ ಕೆಳಗಿನ ಐಸು ಕರಗಿ ಹೆಪ್ಪುಗಟ್ಟಿ ಅಲೆಅಲೆಯಾಗಿ ಎದ್ದಿರುತ್ತದೆ. ಅಂಥ ಕಡೆ ಸಣ್ಣ ಬಾವುಟ ನೆಟ್ಟಿರುತ್ತಾರೆ. ಬಾವುಟ ಕಂಡ ಕೂಡಲೇ ವೇಗ ಇಳಿಸಿ. ಕಾರ್‌ಮ್ಯಾಕ್ಸ್ ದಾಟಿದ ಮೇಲೆ ಫೈವ್ ಫಿಂಗರ್ ರ‍್ಯಾಪಿಡ್ಸ್ ಸಿಗುತ್ತದೆ, ನಾಲ್ಕು ಬಂಡೆಗಳು ನದಿಯನ್ನು ಐದು ಸೀಳಾಗಿ ಒಡೆಯುವ ಜಾಗ. ಆವಿ ದೋಣಿಗಳನ್ನು ಇಲ್ಲಿ ಪ್ರವಾಹದ ಎದುರು ಹಗ್ಗ ಕಟ್ಟಿ ಎಳೆದು ಮೇಲೆ ಹತ್ತಿಸುತ್ತಿದ್ದರು. ಅರ್ಧ ಗಂಟೆ ನಿಲ್ಲಲು ಯೋಗ್ಯ.

ಊರು ಇನ್ನೇನು ಬಂತು ಎನ್ನುವಾಗ ರಸ್ತೆಯ ಎರಡೂ ಬದಿ ಜಲ್ಲಿಯ ಗುಡ್ಡೆಗಳು ಶುರುವಾಗುತ್ತವೆ. ಎರೆಹುಳು ಮಣ್ಣು ಕಕ್ಕಿದ ಹಾಗೆ, ಬಾಗಿ ಬಾಗಿ, ಕಿಲೋಮೀಟರುಗಟ್ಟಲೆ. ಹಲವರಿಗೆ ಇದು ಬರೀ ಹಾಳು ಬಿದ್ದ ಜಾಗದಂತೆ ಕಾಣುತ್ತದೆ. ಆ ಗುಡ್ಡೆಗಳ ಆಕಾರವೇ ಒಂದು ಯಂತ್ರದ ಸಹಿ. ಆ ಯಂತ್ರವೇ ಡಾಸನ್‌ನ ಅತ್ಯುತ್ತಮ ಪ್ರೇಕ್ಷಣೀಯ ವಸ್ತು ಎಂದು ಹಿಂಜರಿಕೆಯಿಲ್ಲದೆ ಹೇಳಬಹುದು.

ಅದರ ಹೆಸರು ಡ್ರೆಜ್ ನಂಬರ್ 4. ಬೊನಾಂಜಾ ಕ್ರೀಕ್ ರಸ್ತೆಯಲ್ಲಿ ಹೆದ್ದಾರಿಯಿಂದ ಸುಮಾರು 12 ಕಿ.ಮೀ. ಒಳಗೆ ನಿಂತಿದೆ. 1912ರಲ್ಲಿ ಕಟ್ಟಿದ್ದು, 1959ರವರೆಗೆ ಕೆಲಸ ಮಾಡಿದ್ದು. ಎಂಟು ಮಹಡಿ ಎತ್ತರ, ತಳ ಪೂರ್ತಿ ಮರದ್ದು. ಉತ್ತರ ಅಮೆರಿಕದಲ್ಲಿ ಈ ಬಗೆಯ ಮರದ ಡ್ರೆಜ್‌ಗಳಲ್ಲಿ ಇದೇ ದೊಡ್ಡದು. ಇದು ತೇಲುವ ಕಾರ್ಖಾನೆ. ತಾನೇ ತೋಡಿಕೊಂಡ ಹೊಂಡದಲ್ಲಿ ತೇಲುತ್ತಾ, ಮುಂದಿನ ಬಕೆಟ್ ಸರಪಳಿಯಿಂದ ನಿಮಿಷಕ್ಕೆ 22 ಬಕೆಟ್ ಜಲ್ಲಿ ಅಗೆದು ಒಳಗೆ ಸುರಿದುಕೊಳ್ಳುತ್ತಿತ್ತು. ಒಳಗೆ ತಿರುಗುವ ದೊಡ್ಡ ಜರಡಿ ಪೀಪಾಯಿ. ಅದರ ತೂತಿನಿಂದ ಇಳಿದ ಸಣ್ಣ ಮರಳು ಚಾಪೆ ಹಾಸಿದ ಇಳಿಜಾರು ತೊಟ್ಟಿಗಳ ಮೇಲೆ ನೀರಿನ ಜೊತೆ ಹರಿಯುವಾಗ ಚಿನ್ನ ಚಾಪೆಯಲ್ಲಿ ಉಳಿಯುತ್ತಿತ್ತು. ದಪ್ಪ ಕಲ್ಲು ಹಿಂದಿನ ಉದ್ದನೆಯ ಬೆಲ್ಟ್ ಮೇಲೆ ಹೋಗಿ ಹೊರಗೆ ಬೀಳುತ್ತಿತ್ತು. ಯಂತ್ರ ಹಿಂಭಾಗದ ಉಕ್ಕಿನ ಕಂಬವೊಂದನ್ನು ನೆಲಕ್ಕೆ ಊರಿ ಅದರ ಸುತ್ತ ಎಡಕ್ಕೂ ಬಲಕ್ಕೂ ತೂಗುತ್ತಾ ಅಗೆಯುತ್ತಿದ್ದುದರಿಂದ ಹಿಂದೆ ಬಿದ್ದ ಕಲ್ಲು ಕಮಾನಿನ ಆಕಾರ ತಳೆಯಿತು. ರಸ್ತೆ ಬದಿಯ ಎರೆಹುಳು ಗುಡ್ಡೆಗಳ ಗುಟ್ಟು ಇದೇ. ಇಷ್ಟು ದೊಡ್ಡ ಯಂತ್ರವನ್ನು ಒಂದು ಪಾಳಿಯಲ್ಲಿ ನಾಲ್ಕೇ ಜನ ನಡೆಸುತ್ತಿದ್ದರು.

ಒಳಗೆ ಹೋಗಬೇಕಾದರೆ ಮಾರ್ಗದರ್ಶಿ ಜೊತೆಯ ಪ್ರವಾಸವನ್ನೇ ಹಿಡಿಯಬೇಕು. ಬೇಸಿಗೆಯಲ್ಲಷ್ಟೇ ಇದೆ, ಸಮಯಗಳು ಕಡಿಮೆ. ಊರಿಗೆ ಬಂದ ದಿನವೇ ಫ್ರಂಟ್ ಸ್ಟ್ರೀಟ್‌ನ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ವಿಚಾರಿಸಿ ಟಿಕೆಟ್ ಮಾಡಿಸಿಕೊಳ್ಳಿ. ಒಳಗೆ ಮೆಟ್ಟಿಲು ಕಡಿದು, ಬೆಳಕು ಕಡಿಮೆ, ಬೇಸಿಗೆಯಲ್ಲೂ ಚಳಿ. ಜಾಕೆಟ್ ಮತ್ತು ಮುಚ್ಚಿದ ಶೂ ಬೇಕು. ಹೊರಗಿನಿಂದ ಮಾತ್ರ ನೋಡಿ ಬಂದರೆ ಹಳೆಯ ಗೋದಾಮು ನೋಡಿದ ಹಾಗೆ ಆಗುತ್ತದೆ. ಟಿಕೆಟ್ ಸಿಗದಿದ್ದರೆ ಮರುದಿನಕ್ಕೆ ಕಾಯಿರಿ.

ಇನ್ನೂ ಸ್ವಲ್ಪ ಮುಂದೆ ಮೊದಲು ಚಿನ್ನ ಸಿಕ್ಕ ಜಾಗ, ಡಿಸ್ಕವರಿ ಕ್ಲೇಮ್. ಕ್ಲೇಮ್ ಎಂದರೆ ಚಿನ್ನ ತೆಗೆಯಲು ಒಬ್ಬರ ಹೆಸರಿಗೆ ನೋಂದಾಯಿಸಿದ ನೆಲದ ತುಂಡು. ಅದನ್ನು ದಾಟಿದರೆ ಕ್ಲೇಮ್ ನಂಬರ್ 6. ಕ್ಲಾಂಡೈಕ್ ವಿಸಿಟರ್ಸ್ ಅಸೋಸಿಯೇಷನ್ ಇದನ್ನು ಪ್ರವಾಸಿಗರಿಗೆ ಪುಕ್ಕಟೆ ಬಿಟ್ಟಿದೆ. ಸಿಕ್ಕ ಚಿನ್ನ ನಿಮ್ಮದೇ. ಪ್ಯಾನ್ (ಜಲ್ಲಿ ಜಾಲಿಸಿ ಚಿನ್ನ ಬೇರೆ ಮಾಡುವ ಅಗಲ ತಟ್ಟೆ) ಮತ್ತು ಸಣ್ಣ ಸಲಿಕೆ ಊರಿನಿಂದಲೇ ತರಬೇಕು, ಯಂತ್ರ ತರುವಂತಿಲ್ಲ. ಸುತ್ತಲಿನ ಬೇರೆ ಜಾಗಗಳಲ್ಲಿ ಕೈಹಾಕಬೇಡಿ; ಅವು ಇವತ್ತಿಗೂ ಯಾರದೋ ಹೆಸರಿನಲ್ಲಿರುವ ಗಣಿಗಳು.

ಅಕ್ಕಿಯನ್ನು ಜಾಲಿಸಿ ಕಲ್ಲು ಬೇರೆ ಮಾಡಿ ಅಭ್ಯಾಸ ಇದ್ದವರ ಕೈಗೆ ಈ ಕೆಲಸ ಬೇಗ ಹತ್ತುತ್ತದೆ. ತೊರೆಯ ನಡುವಿನ ಸಡಿಲ ಮರಳನ್ನು ತುಂಬಿಕೊಂಡರೆ ಪ್ರಯೋಜನವಿಲ್ಲ. ದೊಡ್ಡ ಕಲ್ಲಿನ ಕೆಳಗೆ, ಬಂಡೆಯ ಬಿರುಕಿನಲ್ಲಿ, ಹುಲ್ಲಿನ ಬೇರಿನ ಬುಡದಲ್ಲಿ ಇರುವ ಒತ್ತಾದ ಜಲ್ಲಿ ಬೇಕು. ಪ್ಯಾನಿನ ಮೂರನೇ ಎರಡು ಭಾಗ ತುಂಬಿ ಪೂರ್ತಿ ನೀರಲ್ಲಿ ಮುಳುಗಿಸಿ. ಮೊದಲು ಮಣ್ಣಿನ ಉಂಡೆಗಳನ್ನು ಬೆರಳಿನಿಂದ ಒಡೆದು ಕರಗಿಸಿ. ಉಂಡೆಯೊಳಗೆ ಸಿಕ್ಕ ಚಿನ್ನ ಉಂಡೆಯ ಜೊತೆಗೇ ಹೊರಗೆ ಹೋಗಿಬಿಡುತ್ತದೆ. ದಪ್ಪ ಕಲ್ಲುಗಳನ್ನು ತೊಳೆದು ಎಸೆಯಿರಿ. ನಂತರ ಪ್ಯಾನನ್ನು ಮಟ್ಟವಾಗಿ ಹಿಡಿದು ಅರ್ಧ ನಿಮಿಷ ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿ. ಜನ ತಪ್ಪುವುದು ಇಲ್ಲಿಯೇ: ಅಲ್ಲಾಡಿಸದೆ ನೇರವಾಗಿ ಸುತ್ತಿಸಿ ಚೆಲ್ಲಲು ಶುರು ಮಾಡುತ್ತಾರೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚುಕಲ್ಲು ಎರಡೂವರೆ ಪಟ್ಟು ಚಿಲ್ಲರೆ ಅಷ್ಟೇ. ಆದರೂ ಜಲ್ಲಿ ಸಡಿಲವಾಗಿ ಅಲುಗಾಡುತ್ತಿದ್ದರೆ ತಾನೇ ಚಿನ್ನ ತಳಕ್ಕೆ ಇಳಿಯುವುದು? ತಳಕ್ಕೆ ಇಳಿದ ಮೇಲೆ ಪ್ಯಾನಿನ ಗೀರುಗಳಿರುವ ಬದಿಯನ್ನು ಮುಂದಕ್ಕೆ ಬಾಗಿಸಿ, ನೀರಿನ ಮೇಲ್ಮೈ ಬಂದು ಸವರಿ ಹೋಗುವಂತೆ ಮೇಲಿನ ಪದರವನ್ನು ಮಾತ್ರ ಬಿಡಿ. ಐದಾರು ಸಲ ಸವರಿದ ಮೇಲೆ ಮತ್ತೆ ಮಟ್ಟ ಮಾಡಿ ಅಲ್ಲಾಡಿಸಿ. ಕೊನೆಗೆ ಒಂದು ಚಮಚದಷ್ಟು ಕರಿಮರಳು ಉಳಿಯುತ್ತದೆ. ಬೊಗಸೆಯಷ್ಟು ತಿಳಿನೀರು ಹಾಕಿ ನಿಧಾನಕ್ಕೆ ಒಂದು ಸುತ್ತು ಹರಿಸಿದರೆ ಕರಿಮರಳು ಬಾಲದಂತೆ ಮುಂದೆ ಸರಿದು, ಹಿಂದೆ ಹಳದಿ ಚುಕ್ಕಿ ನಿಲ್ಲುತ್ತದೆ. ನೆರಳಿನಲ್ಲಿ ಹಿಡಿದು ನೋಡಿ. ಬಿಸಿಲಿನಲ್ಲಿ ಮಾತ್ರ ಹೊಳೆದು ನೆರಳಿನಲ್ಲಿ ಕಂದಿದರೆ ಅದು ಅಭ್ರಕ. ಚಿನ್ನ ನೆರಳಿನಲ್ಲೂ ಹಳದಿಯೇ.

ಇನ್ನೊಂದು ತೊಂದರೆ ಎಣ್ಣೆಯದು. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಿಂದ ಪ್ಯಾನ್ ಹಿಡಿದರೆ ಹಿಟ್ಟಿನಂಥ ಸಣ್ಣ ಚಿನ್ನ ನೀರಿನ ಮೇಲೆ ತೇಲಿ ಹೊರಟುಹೋಗುತ್ತದೆ. ಪ್ಯಾನನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದಿಟ್ಟುಕೊಳ್ಳಿ. ನೀರು ಮೂಳೆ ಕೊರೆಯುವಷ್ಟು ತಣ್ಣಗಿರುತ್ತದೆ, ರಬ್ಬರ್ ಗ್ಲೌಸ್ ಮತ್ತು ಬೂಟು ಇದ್ದರೆ ಎರಡು ಗಂಟೆ ಕೂರಬಹುದು. ಸಿಗುವ ಚುಕ್ಕಿಗಳ ಬೆಲೆ ಏನೂ ಇಲ್ಲದಿರಬಹುದು. ಆದರೆ ಆ ಎರಡು ಗಂಟೆಯ ನಂತರ ಮ್ಯೂಸಿಯಂನ ಪ್ರತಿ ವಸ್ತುವೂ ಅರ್ಥವಾಗುತ್ತದೆ.

ಈಗ ಊರೊಳಗೆ. ಥರ್ಡ್ ಅವೆನ್ಯೂ ಮತ್ತು ಹಾರ್ಪರ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಹಳೆಯ ಮರದ ಕಟ್ಟಡಗಳು ಒಂದಕ್ಕೊಂದು ಒರಗಿ ನಿಂತಿವೆ. ಸ್ಥಳೀಯರು ‘ಮುತ್ತಿಡುವ ಕಟ್ಟಡಗಳು’ ಎನ್ನುತ್ತಾರೆ. ಕಿಟಕಿ ಚೌಕಟ್ಟಿನ ಮೂಲೆಗಳು ಹಿಗ್ಗಿ, ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು, ಬಾಗಿಲಿನ ಹೊಸ್ತಿಲು ಒಂದು ಬದಿಗೆ ನೆಲದೊಳಗೆ ಇಳಿದಿದೆ. ಡಾಸನ್ ನಿಂತಿರುವುದು ಪರ್ಮಾಫ್ರಾಸ್ಟ್ ಮೇಲೆ, ಅಂದರೆ ವರ್ಷಪೂರ್ತಿ ಹೆಪ್ಪುಗಟ್ಟಿಯೇ ಇರುವ, ಐಸು ತುಂಬಿದ ಮಣ್ಣಿನ ಮೇಲೆ. ಮರದ ಕಟ್ಟಡವನ್ನು ನೇರವಾಗಿ ನೆಲದ ಮೇಲಿಟ್ಟು ಒಳಗೆ ಒಲೆ ಉರಿಸಿದರೆ ಶಾಖ ಕೆಳಗಿಳಿದು ಐಸು ಕರಗುತ್ತದೆ. ಎಲ್ಲ ಕಡೆ ಒಂದೇ ಸಮ ಕರಗುವುದಿಲ್ಲ, ಹಾಗಾಗಿ ಕಟ್ಟಡ ವಾಲುತ್ತದೆ. ಈಗಿನ ಮನೆಗಳ ಬುಡ ಬಗ್ಗಿ ನೋಡಿ: ದಪ್ಪ ಜಲ್ಲಿಯ ಹಾಸು, ಅದರ ಮೇಲೆ ಮರದ ದಿಮ್ಮಿಗಳ ಅಡ್ಡಪೇರಿಕೆ ಅಥವಾ ಜಾಕ್, ಅದರ ಮೇಲೆ ಮನೆ. ನಡುವೆ ತಣ್ಣನೆಯ ಗಾಳಿ ಹಾಯಲು ಜಾಗ. ವಾಲಿದರೆ ಜಾಕ್ ಏರಿಸಿ ಮಟ್ಟ ಮಾಡಿಕೊಳ್ಳುತ್ತಾರೆ. ಬೀದಿಗಳು ಮಣ್ಣಿನವು, ಕಾಲುದಾರಿಗಳು ಮರದ ಹಲಗೆಯವು. ಮಳೆ ಬಂದರೆ ಕೆಸರು, ಹಲಗೆ ಜಾರುತ್ತದೆ. ಚಕ್ರದ ಸೂಟ್‌ಕೇಸ್ ತರಬೇಡಿ, ಬೆನ್ನಿಗೆ ಹಾಕುವ ಬ್ಯಾಗೇ ಸರಿ.

ಇದೇ ನೆಲ ಒಂದು ಉಪಕಾರವನ್ನೂ ಮಾಡಿದೆ. 1978ರಲ್ಲಿ ಹಳೆಯ ಐಸ್ ಹಾಕಿ ಅಂಗಳದ ಕೆಳಗೆ, ಒಂದು ಕಾಲದ ಈಜುಕೊಳದೊಳಗೆ ಹೂತಿದ್ದ 500ಕ್ಕೂ ಹೆಚ್ಚು ಮೂಕಿ ಚಿತ್ರದ ಸುರುಳಿಗಳು ಸಿಕ್ಕವು. ಬೇರೆಲ್ಲೂ ಪ್ರತಿ ಉಳಿಯದ ಚಿತ್ರಗಳೂ ಅವುಗಳಲ್ಲಿದ್ದವು. ತಣ್ಣನೆಯ ನೆಲ ಅವನ್ನು ಕಾಪಾಡಿತ್ತು.

ಪಾರ್ಕ್ಸ್ ಕೆನಡಾ, ಅಂದರೆ ಐತಿಹಾಸಿಕ ತಾಣಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ನಡೆಸುವ ಊರು ಸುತ್ತಾಟಕ್ಕೆ ಖಂಡಿತ ಹಣ ಕೊಡಿ. ಸುಮ್ಮನೆ ತಿರುಗಾಡಿದರೆ ಕಟ್ಟಡಗಳ ಬಾಗಿಲಷ್ಟೇ ಕಾಣುತ್ತದೆ. ಮಾರ್ಗದರ್ಶಿಗಳ ಕೈಯಲ್ಲಿ ಹಲವು ಕಟ್ಟಡಗಳ ಬೀಗದ ಕೈ ಇರುತ್ತದೆ. ಫಿಫ್ತ್ ಅವೆನ್ಯೂನ ಮ್ಯೂಸಿಯಂ, 1901ರ ಆಡಳಿತ ಕಟ್ಟಡದಲ್ಲಿರುವುದು, ಮಳೆ ಬಂದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಪ್ಯಾಲೇಸ್ ಗ್ರ್ಯಾಂಡ್ ಥಿಯೇಟರ್ 1899ರದ್ದು ಎಂದು ಹೇಳುತ್ತಾರಾದರೂ ಈಗ ನಿಂತಿರುವುದು 1960ರ ದಶಕದಲ್ಲಿ ಮತ್ತೆ ಕಟ್ಟಿದ್ದು.

ನದಿಯ ದಂಡೆಯಲ್ಲೇ ಇರುವ ಡನೋಜಾ ಜೋ ಸಾಂಸ್ಕೃತಿಕ ಕೇಂದ್ರವನ್ನು ಮೊದಲ ದಿನವೇ ನೋಡಿ. ಚಿನ್ನದ ಕಥೆಗಿಂತ ಮೊದಲಿನ ಕಥೆ ಅಲ್ಲಿದೆ. ಈ ನೆಲ ಟ್ರಾಂಡೆಕ್ ಹ್ವೆಚಿನ್ ಜನರದು. ಟ್ರಾಂಡೆಕ್ ಎಂದರೆ ಸುತ್ತಿಗೆ ಕಲ್ಲಿನ ಹೊಳೆ: ಸಾಲ್ಮನ್ ಮೀನಿಗೆ ಒಡ್ಡು ಕಟ್ಟಲು ಗೂಟಗಳನ್ನು ಕಲ್ಲಿನಿಂದ ಬಡಿದು ನೆಡುತ್ತಿದ್ದ ಹೊಳೆ. ಆ ಪದವನ್ನು ಹೊರಗಿನವರು ಉಚ್ಚರಿಸಲಾಗದೆ ಕ್ಲಾಂಡೈಕ್ ಮಾಡಿದರು. ಚಿನ್ನದವರ ನೂಕುನುಗ್ಗಲಿನಲ್ಲಿ ಚೀಫ್ ಐಸಾಕ್ ತಮ್ಮ ಜನರನ್ನು ನದಿಯ ಕೆಳಗಿನ ಮೂಸ್‌ಹೈಡ್‌ಗೆ ಕರೆದೊಯ್ದರು. ಹಾಡು ಕುಣಿತಗಳು ಅಳಿಯದಿರಲಿ ಎಂದು ಅವನ್ನು ಅಲಾಸ್ಕಾದ ಬಂಧುಗಳ ಬಳಿ ಇಟ್ಟರು. ನೂರು ವರ್ಷದ ಹತ್ತಿರ ಕಳೆದ ಮೇಲೆ ಅವು ಮರಳಿ ಬಂದವು. ಇದನ್ನು ತಿಳಿಯದೆ ಬೀದಿಯಲ್ಲಿ ಚಿನ್ನದ ಹುಡುಕಾಟದ ವೇಷಗಳನ್ನು ಮಾತ್ರ ನೋಡಿದವರು ಈ ಊರಿಗೆ ಅನ್ಯಾಯ ಮಾಡಿದಂತೆ. ಯೂಕಾನ್ ನದಿಯ ಚಿನೂಕ್ ಸಾಲ್ಮನ್ ಸಂಖ್ಯೆ ಕುಸಿದು, 2024ರಲ್ಲಿ ಕೆನಡಾ ಮತ್ತು ಅಲಾಸ್ಕಾ ಸೇರಿ ಏಳು ವರ್ಷ ಆ ಮೀನು ಹಿಡಿಯುವುದನ್ನೇ ನಿಲ್ಲಿಸಲು ಒಪ್ಪಿಕೊಂಡಿವೆ.

ನದಿಗೆ ಇಳಿದು ಈಜುವ ಆಸೆ ಬೇಡ. ಸೆಳವು ಜೋರು, ನೀರು ತಣ್ಣಗೆ, ಮತ್ತು ಮೇಲಿನಿಂದ ವೈಟ್ ನದಿ ತರುವ ಹಿಮನದಿಯ ಹೂಳಿನಿಂದ ಬೂದುಬಣ್ಣ. ದೋಣಿಯಲ್ಲಿ ಕೂತು ಸುಮ್ಮನಿದ್ದರೆ ಆ ಹೂಳು ದೋಣಿಯ ತಳಕ್ಕೆ ಉಜ್ಜಿ ಸೊಯ್ ಎನ್ನುವುದು ಕೇಳಿಸುತ್ತದೆ. ಊರಿನ ಹಿಂದಿನ ಮಿಡ್‌ನೈಟ್ ಡೋಮ್ ಗುಡ್ಡಕ್ಕೆ ಕಾರಿನಲ್ಲೇ ಹತ್ತಿ. ತಿಳಿಯಾದ ಕ್ಲಾಂಡೈಕ್ ಬೂದು ಯೂಕಾನ್‌ಗೆ ಸೇರಿದ ಮೇಲೂ ಸ್ವಲ್ಪ ದೂರ ಎರಡು ಬಣ್ಣವಾಗಿಯೇ ಹರಿಯುವುದು ಮೇಲಿನಿಂದ ಸ್ಪಷ್ಟ.

ಜಾರ್ಜ್ ಬ್ಲ್ಯಾಕ್ ಫೆರಿ ನದಿ ದಾಟಿಸುತ್ತದೆ. ಪುಕ್ಕಟೆ, ಬೇಸಿಗೆಯಲ್ಲಿ ಹೆಚ್ಚುಕಡಿಮೆ ಹಗಲು ರಾತ್ರಿ. ಕಟ್ಟೆ ಇಲ್ಲ, ಜಲ್ಲಿಯನ್ನೇ ತಳ್ಳಿ ಮಾಡಿದ ಇಳಿಜಾರು. ತಗ್ಗು ಕಾರುಗಳ ಬಂಪರ್ ಉಜ್ಜುತ್ತದೆ, ಓರೆಯಾಗಿ ನಿಧಾನಕ್ಕೆ ಹತ್ತಿಸಿ. ಬೆಳಗ್ಗೆ ಅಲಾಸ್ಕಾ ಕಡೆ ಹೊರಟ ಮೋಟರ್‌ಹೋಮ್‌ಗಳ ಸಾಲು ಉದ್ದ ಇರುತ್ತದೆ. ನಡೆದು ಹೋಗುವವರು ಕಾಯಬೇಕಿಲ್ಲ, ನಡೆದೇ ಹೋಗಿ. ಆಚೆ ದಡದ ಸರ್ಕಾರಿ ಕ್ಯಾಂಪ್‌ಗ್ರೌಂಡ್‌ನ ಕೊನೆಯಿಂದ ದಂಡೆಗೆ ಇಳಿದು ನದಿ ಹರಿಯುವ ಕಡೆಗೆ ಸ್ವಲ್ಪ ನಡೆದರೆ ಏಳು ಆವಿ ದೋಣಿಗಳ ಅವಶೇಷ ಪೊದೆಗಳ ನಡುವೆ ಬಿದ್ದಿದೆ. ಹಿಂಬದಿಯ ದೊಡ್ಡ ಚಕ್ರಗಳ ಕಬ್ಬಿಣದ ಅರೆಗಳು ಇನ್ನೂ ನಿಂತಿವೆ. ನೀರು ಹೆಚ್ಚಿದ್ದಾಗ ದಾರಿ ಮುಳುಗಿರುತ್ತದೆ. ಮೇಲೆ ಹತ್ತಬೇಡಿ: ಹಲಗೆ ಕೊಳೆತಿದೆ, ಮೊಳೆಗಳು ಮೇಲ್ಮುಖವಾಗಿವೆ. ಈ ಬಗೆಯ ದೋಣಿ ಪೂರ್ತಿಯಾಗಿ ಇದ್ದಾಗ ಹೇಗಿತ್ತು ಎಂದು ನೋಡಲು ಊರ ಬದಿಯ ದಂಡೆಯಲ್ಲಿ 1922ರ ಎಸ್‌ಎಸ್ ಕೀನೊ ಇದೆ. ಎರಡನ್ನೂ ಒಂದೇ ದಿನ ನೋಡಿ.

ಊಟ ವಸತಿ ದುಬಾರಿ. ಸಾಮಾನೆಲ್ಲ ಲಾರಿಯಲ್ಲಿ ದೂರದಿಂದ ಬರಬೇಕು. ಜುಲೈ, ಆಗಸ್ಟ್‌ಗೆ ತಿಂಗಳುಗಟ್ಟಲೆ ಮೊದಲೇ ಕೋಣೆ ಹಿಡಿಯಿರಿ, ಅದರಲ್ಲೂ ಆಗಸ್ಟ್‌ನ ಮೂರನೇ ಸೋಮವಾರದ ಡಿಸ್ಕವರಿ ಡೇ ವಾರಾಂತ್ಯಕ್ಕೆ. ಬಿಲ್ಲಿಗೆ ಶೇ. 5 ಜಿಎಸ್‌ಟಿ ಸೇರುತ್ತದೆ, ಪ್ರಾದೇಶಿಕ ಮಾರಾಟ ತೆರಿಗೆ ಇಲ್ಲ. ಸಸ್ಯಾಹಾರಿಗಳು ಅಡುಗೆಮನೆ ಇರುವ ಕೋಣೆ ಹಿಡಿದು, ಬೇಳೆ, ಮಸಾಲೆ, ತರಕಾರಿಯನ್ನು ವೈಟ್‌ಹಾರ್ಸ್‌ನಲ್ಲೇ ಕೊಂಡು ತರುವುದು ಜಾಣತನ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬಹಳಷ್ಟು ಹೋಟೆಲ್‌ಗಳು ಬಾಗಿಲು ಹಾಕಿಬಿಡುತ್ತವೆ.

ಸಂಜೆಗೆ ಡೈಮಂಡ್ ಟೂತ್ ಗರ್ಟೀಸ್. 1971ರಿಂದ ಇರುವ ಕ್ಯಾಸಿನೊ. 19 ತುಂಬಿದವರಿಗೆ ಮಾತ್ರ, ಲಾಭ ಊರಿನ ಕೆಲಸಕ್ಕೆ ಹೋಗುತ್ತದೆ. ಜೂಜು ಆಡದೆ ಪ್ರದರ್ಶನ ನೋಡಿ ಬರಬಹುದು. ಒಣಗಿಸಿದ ಮನುಷ್ಯನ ಕಾಲ್ಬೆರಳು ಹಾಕಿದ ಮದ್ಯ ಕುಡಿಯುವ ಪ್ರಸಿದ್ಧ ಆಚರಣೆಯೂ ಒಂದು ಹೋಟೆಲಿನಲ್ಲಿದೆ. ಬಿಟ್ಟರೆ ನಷ್ಟವಿಲ್ಲ.

ಯಾವಾಗ ಹೋಗಬೇಕು? ಜೂನ್ 21ರ ಸುಮಾರಿಗೆ ಸೂರ್ಯ ಮುಳುಗುವುದು ರಾತ್ರಿ ಒಂದು ಗಂಟೆ ಸಮೀಪಿಸಿದಾಗ. ಡಾಸನ್ ಆರ್ಕ್ಟಿಕ್ ವೃತ್ತದ ಒಳಗಿಲ್ಲ. ಆದರೆ ಇಲ್ಲಿನ ಗಡಿಯಾರ ಸೂರ್ಯನಿಗಿಂತ ಎರಡು ಗಂಟೆಗೂ ಹೆಚ್ಚು ಮುಂದಿದೆ, ನೆತ್ತಿಯ ಸೂರ್ಯ ಬರುವುದೇ ಮಧ್ಯಾಹ್ನ ಎರಡೂಕಾಲಿಗೆ. ಕಣ್ಣುಪಟ್ಟಿ ಇಲ್ಲದೆ ನಿದ್ದೆ ಬರದು. ಜೂನ್, ಜುಲೈಯಲ್ಲಿ ಸೊಳ್ಳೆ ಕಾಟ, ಕೆಲವು ವರ್ಷ ಕಾಳ್ಗಿಚ್ಚಿನ ಹೊಗೆ. ನಮ್ಮ ಆಯ್ಕೆ ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಮೊದಲ ವಾರ: ಸೊಳ್ಳೆ ಇಳಿದಿರುತ್ತದೆ, ಗುಡ್ಡಗಳು ಕೆಂಪು ಹಳದಿಗೆ ತಿರುಗಿರುತ್ತವೆ, ರಾತ್ರಿ ಕತ್ತಲಾಗುವುದರಿಂದ ಉತ್ತರದ ಬೆಳಕು (ಅರೋರಾ) ಕಾಣುವ ಸಾಧ್ಯತೆಯೂ ಇದೆ. ರಾತ್ರಿ ಶೂನ್ಯದ ಹತ್ತಿರ ಇಳಿಯುತ್ತದೆ, ಉಣ್ಣೆ ಬಟ್ಟೆ ಬೇಕು. ಮೂರನೇ ದಿನವನ್ನು ಟೂಂಬ್‌ಸ್ಟೋನ್ ಪಾರ್ಕಿಗೆ ಕೊಡಿ: ಡೆಂಪ್‌ಸ್ಟರ್ ಹೆದ್ದಾರಿಯ 71ನೇ ಕಿ.ಮೀ.ಯಲ್ಲಿ ಮಾಹಿತಿ ಕೇಂದ್ರ, ಡಾಸನ್‌ನಿಂದ ಒಟ್ಟು 110 ಕಿ.ಮೀ. ಚೂಪು ಜಲ್ಲಿ ಟೈರ್ ಸೀಳುತ್ತದೆ. ಪೂರ್ಣ ಗಾತ್ರದ ಸ್ಪೇರ್ ಟೈರ್ ಇಲ್ಲದೆ ಹೋಗಬೇಡಿ. ಮುಂದಿನ ಪೆಟ್ರೋಲ್ 369ನೇ ಕಿ.ಮೀ.ಯ ಈಗಲ್ ಪ್ಲೇನ್ಸ್‌ನಲ್ಲಿ, ಹಾಗಾಗಿ ಡಾಸನ್‌ನಲ್ಲೇ ಟ್ಯಾಂಕ್ ತುಂಬಿರಬೇಕು.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕೆನಡಾ ವೀಸಾ ಶುಲ್ಕ 100 ಕೆನಡಾ ಡಾಲರ್, ಬೆರಳ ಗುರುತಿಗೆ (ಬಯೋಮೆಟ್ರಿಕ್) 85. ಫೆರಿ ದಾಟಿ ಟಾಪ್ ಆಫ್ ದಿ ವರ್ಲ್ಡ್ ಹೆದ್ದಾರಿಯಲ್ಲಿ ಅಲಾಸ್ಕಾಕ್ಕೆ ಹೋಗುವುದಾದರೆ ಅಮೆರಿಕದ ವೀಸಾ ಬೇರೆ ಬೇಕು, ಮತ್ತು ಕೆನಡಾಕ್ಕೆ ಮರಳುವಾಗ ವೀಸಾ ಅವಧಿ ಉಳಿದಿರಬೇಕು. ಆ ಗಡಿ ಬೇಸಿಗೆಯ ತಿಂಗಳುಗಳಲ್ಲಿ ಹಗಲು ಮಾತ್ರ ತೆರೆದಿರುತ್ತದೆ, ಡಾಸನ್‌ನಿಂದ 105 ಕಿ.ಮೀ. ಜಲ್ಲಿ ರಸ್ತೆ. ಅಲಾಸ್ಕಾದ ಗಡಿಯಾರ ಬೇಸಿಗೆಯಲ್ಲಿ ಯೂಕಾನ್‌ಗಿಂತ ಒಂದು ಗಂಟೆ ಹಿಂದೆ. ಮುಚ್ಚುವ ಸಮಯವನ್ನು ಯಾವ ಗಡಿಯಾರದಲ್ಲಿ ಬರೆದಿದ್ದಾರೆಂದು ಮಾಹಿತಿ ಕೇಂದ್ರದಲ್ಲಿ ಕೇಳಿಕೊಂಡು, ಫೆರಿಯ ಸಾಲಿಗೂ ಒಂದು ಗಂಟೆ ಸೇರಿಸಿ ಹೊರಡಿ.